ಓಡಲಾಗದವರಿಗೂ ಒಂದು ದಾರಿ

2000ದ ಜನವರಿ 19. ನಸುಕಿನ ನಾಲ್ಕೂವರೆ ಗಂಟೆಯ ಸಮಯ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೀಟನ್ ಹಾಲ್ ವಿಶ್ವವಿದ್ಯಾಲಯದ ಬೋಲಂಡ್ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿ ಬೆಂಕಿಯ ಎಚ್ಚರಿಕೆಯ ಗಂಟೆ ಮೊಳಗಿತು. ಮೊದಲ ವರ್ಷದ ವಿದ್ಯಾರ್ಥಿಗಳು ತಂಗಿದ್ದ ಕಟ್ಟಡವದು. ಗಂಟೆ ಕೇಳಿಯೂ ಹಲವರು ಹಾಸಿಗೆ ಬಿಟ್ಟೇಳಲಿಲ್ಲ. ಅದನ್ನು ಸೋಮಾರಿತನವೆಂದು ಕರೆದುಬಿಡುವುದು ಅನ್ಯಾಯವಾದೀತು. ಹಿಂದಿನ ಸೆಪ್ಟೆಂಬರಿನಿಂದ ಅಂದಿನವರೆಗೆ ಆ ಕಟ್ಟಡದಲ್ಲಿ ಹದಿನೆಂಟು ಬಾರಿ ಗಂಟೆ ಸುಮ್ಮಸುಮ್ಮನೆ ಬಾರಿಸಿತ್ತು. ಹತ್ತೊಂಬತ್ತನೆಯದೂ ಹಾಗೆಯೇ ಎಂದುಕೊಂಡು ಹೊದಿಕೆ ಎಳೆದುಕೊಂಡವರಿದ್ದರು. ಈ ಬಾರಿ ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ನಿಜವಾಗಿಯೂ ಬೆಂಕಿ ಹೊತ್ತಿತ್ತು. ಹದಿನೆಂಟರ ಪ್ರಾಯದ ಮೂವರು ಯುವಕರು ಅಸುನೀಗಿದರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಸೀಟನ್ ಹಾಲ್ ನಮಗೆ ತೀರ ಅಪರಿಚಿತವಾದ ಹೆಸರೇನಲ್ಲ. ಅಮೆರಿಕದಲ್ಲಿ ಜನಿಸಿದವರಲ್ಲಿ ಮೊಟ್ಟಮೊದಲಿಗೆ ಸಂತ ಪದವಿಗೇರಿದ ಎಲಿಜಬೆತ್ ಆ್ಯನ್ ಸೀಟನ್ ಅವರ ಹೆಸರನ್ನು ಹೊತ್ತು, 1856ರಲ್ಲಿ ನೆವಾರ್ಕ್ ಧರ್ಮಕ್ಷೇತ್ರದ ಆಶ್ರಯದಲ್ಲಿ ಆರಂಭವಾದ ವಿದ್ಯಾಸಂಸ್ಥೆ ಅದು. ಮಕ್ಕಳು ಸುರಕ್ಷಿತವಾಗಿರುತ್ತಾರೆಂದು ನಂಬಿ ಹೆತ್ತವರು ಕಳುಹಿಸುವ ಜಾಗ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಮಂಗಳೂರು, ಮೈಸೂರುಗಳ ವಿದ್ಯಾರ್ಥಿನಿಲಯಗಳಲ್ಲಿ ಮಲಗಿರುವುದೂ ಇಂಥದೇ ನಂಬಿಕೆಯ ಮೇಲೆ.

ಆ ಬೆಂಕಿಯನ್ನು ಹಚ್ಚಿದವರು ಅದೇ ನಿಲಯದ ಇಬ್ಬರು ವಿದ್ಯಾರ್ಥಿಗಳು. ಕುಚೇಷ್ಟೆಗೆಂದು ಹಚ್ಚಿದ್ದು ಕೈಮೀರಿತ್ತು. ಏಳು ವರ್ಷಗಳ ಬಳಿಕ, 2007ರಲ್ಲಿ, ಅವರಿಗೆ ಶಿಕ್ಷೆಯಾಯಿತು. ನ್ಯಾಯಾಲಯದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ನೈತಿಕ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಹದಿನೆಂಟು ಸಲ ಸುಳ್ಳು ಗಂಟೆ ಬಾರಿಸಿದಾಗಲೂ ಅದನ್ನು ಹುಡುಗಾಟವೆಂದು ಸಹಿಸಿಕೊಂಡ ನಾವೆಲ್ಲರೂ, ಅಂದರೆ ದೊಡ್ಡವರು, ಮೇಲ್ವಿಚಾರಕರು, ನೆರೆಕೋಣೆಯ ಗೆಳೆಯರು, ಗಂಟೆಯ ಮಾತಿಗಿದ್ದ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿದವರಲ್ಲವೇ? ಎಚ್ಚರಿಕೆಯ ಗಂಟೆ ಒಂದು ವಚನವಿದ್ದಂತೆ. ಸುಳ್ಳು ಹೇಳುವವನಿಂದ ಮಾತ್ರವಲ್ಲ, ಸುಳ್ಳನ್ನು ಲಘುವಾಗಿ ಕಾಣುವವರಿಂದಲೂ ವಚನ ಸಾಯುತ್ತದೆ. ಆ ಹಳೆಯ ಕಟ್ಟಡದಲ್ಲಿ ಬೆಂಕಿಯ ಬಿಸಿಗೆ ತಾನಾಗಿಯೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಯೂ ಇರಲಿಲ್ಲ. ದುರಂತವಾದ ಆರು ತಿಂಗಳೊಳಗೆ ನ್ಯೂಜೆರ್ಸಿ ರಾಜ್ಯವು ಎಲ್ಲ ವಿದ್ಯಾರ್ಥಿನಿಲಯಗಳೂ ನಾಲ್ಕು ವರ್ಷಗಳಲ್ಲಿ ಅದನ್ನು ಅಳವಡಿಸಬೇಕೆಂದು ಕಾನೂನು ಮಾಡಿತು. ಕಾನೂನು ಬರಲು ಮೂರು ಶವಪೆಟ್ಟಿಗೆಗಳು ಬೇಕಾದವು.

ವಿಶ್ವವಿದ್ಯಾಲಯದ ಕಟ್ಟಡವೊಂದನ್ನು ತುರ್ತಾಗಿ ತೆರವು ಮಾಡುವುದು ಶಾಲೆಯೊಂದನ್ನು ತೆರವು ಮಾಡಿದಷ್ಟು ಸುಲಭವಲ್ಲ. ಶಾಲೆಯಲ್ಲಿ ಶಿಕ್ಷಕಿ ಹಾಜರಿ ಪುಸ್ತಕ ಹಿಡಿದು ಅಂಗಳಕ್ಕೆ ಬರುತ್ತಾರೆ. ಹೆಸರು ಕೂಗಿದರೆ ಯಾರಿಲ್ಲವೆಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ವಿಶ್ವವಿದ್ಯಾಲಯದಲ್ಲಿ ಯಾವ ಗಳಿಗೆಯಲ್ಲಿ ಯಾರು ಎಲ್ಲಿದ್ದಾರೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಒಬ್ಬ ಗ್ರಂಥಾಲಯದ ಮೂಲೆಯಲ್ಲಿ ನಿದ್ದೆ ಹೋಗಿರುತ್ತಾನೆ, ಒಬ್ಬಳು ಪ್ರಯೋಗಾಲಯದಲ್ಲಿ ಒಬ್ಬಳೇ ಇರುತ್ತಾಳೆ, ಅರ್ಜಿ ಸಲ್ಲಿಸಲು ಬಂದ ಹಳ್ಳಿಯ ತಂದೆಗೆ ಹೊರದಾರಿ ಯಾವ ಕಡೆಗೆಂದೇ ತಿಳಿದಿರುವುದಿಲ್ಲ. ಆದ್ದರಿಂದಲೇ ಒಂದೊಂದು ಮಹಡಿಗೂ ಒಬ್ಬೊಬ್ಬ ಹೊಣೆಗಾರ, ಶೌಚಾಲಯವನ್ನೂ ಬಿಡದೆ ನೋಡಿ ಬರುವ ಕ್ರಮ, ಅಗ್ನಿಶಾಮಕ ವಾಹನಕ್ಕೆ ಅಡ್ಡವಾಗದಷ್ಟು ದೂರದಲ್ಲಿ ಎಲ್ಲರೂ ಸೇರುವ ಒಂದು ಜಾಗ, ಲಿಫ್ಟ್ ಬಳಸಬಾರದೆಂಬ ನಿಯಮ, ಇವೆಲ್ಲ ಮೊದಲೇ ನಿಗದಿಯಾಗಿರಬೇಕಾಗುತ್ತದೆ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ರಕ್ಷಣೆಯೆಂದರೆ ಬೀಗ ಎಂಬುದು ನಮ್ಮ ಹಳೆಯ ನಂಬಿಕೆ. ವಿಶೇಷವಾಗಿ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಗಳಲ್ಲಿ ಕಿಟಕಿಗೆ ಕಬ್ಬಿಣದ ಸರಳು, ರಾತ್ರಿ ಒಂಬತ್ತಕ್ಕೆ ಹೊರಬಾಗಿಲಿಗೆ ಬೀಗ, ಕೀಲಿಕೈ ಮಾತ್ರ ಗೇಟಿನಾಚೆ ಮಲಗುವವರ ಜೇಬಿನಲ್ಲಿ. ಕಳ್ಳನನ್ನು ಹೊರಗಿಡುವ ಬಾಗಿಲೇ ಹೊಗೆಯ ವೇಳೆ ಮಗಳನ್ನು ಒಳಗಿಡುತ್ತದೆ ಎಂಬುದನ್ನು ಎಷ್ಟು ಮಂದಿ ಪೋಷಕರು ಯೋಚಿಸಿದ್ದೇವೆ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತಾಗ ನಗರ ಕಂಡ ದೃಶ್ಯವನ್ನು ಹಲವರು ಮರೆತಿರಲಾರರು. ಮೆಟ್ಟಿಲುಗಳನ್ನು ಹೊಗೆ ತುಂಬಿತ್ತು, ಹೊರದಾರಿಗಳು ಮುಚ್ಚಿದ್ದವು, ಉಸಿರಿಗಾಗಿ ಜನ ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. ಹಾಗೆ ಮಡಿದವರ ಮನೆಯವರು ಸೇರಿಕೊಂಡು 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ, ಬೆಂಕಿಯ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸುವ ಕೆಲಸ ಮಾಡುತ್ತಾ ಬಂದರು. ಅಂಥ ದುಃಖದಿಂದ ಅಂಥ ಕೆಲಸ ಮೂಡಿದ್ದು ನನಗೆ ಇಂದಿಗೂ ಆಶ್ಚರ್ಯ.

ಇಷ್ಟೆಲ್ಲ ಯೋಜನೆಗಳ ಹಿಂದೆ ಒಂದು ಊಹೆ ಅಡಗಿದೆ: ಗಂಟೆ ಕೇಳಿದವನು ಎದ್ದು ನಡೆಯಬಲ್ಲ ಎಂಬುದು. ಕೇಳಲಾಗದವನು? ನೋಡಲಾಗದವಳು? ಗಾಲಿಕುರ್ಚಿಯಲ್ಲಿರುವವನು? ಲಿಫ್ಟ್ ನಿಂತ ಕ್ಷಣದಿಂದ ಅವನಿಗೆ ನಾಲ್ಕನೆಯ ಮಹಡಿ ಒಂದು ದ್ವೀಪ. ಅನೇಕ ಕಡೆ ಅವನಿಗೆ ಕೊಡುವ ಸೂಚನೆ ಒಂದೇ: 'ಮೆಟ್ಟಿಲ ಬಳಿ ಕಾದಿರು, ಯಾರಾದರೂ ಬರುತ್ತಾರೆ.' ಬೆಂಕಿ ತಡೆಯುವ ಗೋಡೆ, ಬಾಗಿಲುಗಳುಳ್ಳ ಆಶ್ರಯ ಸ್ಥಳವಿದ್ದು, ಅವನು ಅಲ್ಲಿದ್ದಾನೆಂದು ಕೆಳಗಿನವರಿಗೆ ತಿಳಿದಿದ್ದರೆ ಈ ಸೂಚನೆಗೆ ಅರ್ಥವಿದೆ. ಇಲ್ಲದಿದ್ದರೆ, 'ಯಾರಾದರೂ' ಎಂದರೆ ಯಾರು?

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆತವು. ಇಪ್ಪತ್ತೇಳನೆಯ ಮಹಡಿಯಲ್ಲಿ ಎಡ್ ಬೇಯಾ ಎಂಬವರಿದ್ದರು. ಕೈಕಾಲುಗಳ ಸ್ವಾಧೀನವಿಲ್ಲದೆ ಗಾಲಿಕುರ್ಚಿಯಲ್ಲಿದ್ದವರು. ಅವರ ಸಹೋದ್ಯೋಗಿ, ಗೆಳೆಯ ಏಬ್ ಝೆಲ್ಮನೋವಿಟ್ಜ್, ಧರ್ಮನಿಷ್ಠ ಯಹೂದಿ. ಬೇಯಾ ಅವರ ಆರೈಕೆ ಮಾಡುತ್ತಿದ್ದ ಸಹಾಯಕಿಯನ್ನು ಕೆಳಗೆ ಕಳುಹಿಸಿ, ತಾನು ಗೆಳೆಯನ ಬಳಿಯೇ ನಿಂತರು. ಕೆಳಗಿಳಿಯಲು ಅವರಿಗೆ ಕಾಲುಗಳಿದ್ದವು, ಸಮಯವೂ ಇತ್ತು. ಇಬ್ಬರೂ ಮರಳಲಿಲ್ಲ. ಅದೇ ಗೋಪುರದ ಅರವತ್ತೊಂಬತ್ತನೆಯ ಮಹಡಿಯಲ್ಲಿ ಜಾನ್ ಅಬ್ರುಝೋ ಎಂಬ ಇನ್ನೊಬ್ಬರಿದ್ದರು. ಅವರದೂ ಅದೇ ಸ್ಥಿತಿ. 1993ರ ಫೆಬ್ರವರಿಯಲ್ಲಿ ಅದೇ ಕಟ್ಟಡದಲ್ಲಿ ಬಾಂಬ್ ಸ್ಫೋಟಿಸಿದಾಗ ಅವರನ್ನು ಕೆಳಗಿಳಿಸಲು ಆರು ಗಂಟೆಗೂ ಹೆಚ್ಚು ಹಿಡಿದಿತ್ತು. ಆ ಅನುಭವದ ಬಳಿಕ ಮೆಟ್ಟಿಲುಗಳ ಮೇಲೆ ಜಾರಿಸಿಕೊಂಡು ಒಯ್ಯಬಹುದಾದ ವಿಶೇಷ ಕುರ್ಚಿಗಳನ್ನು ತರಿಸಿಟ್ಟಿದ್ದರು. 2001ರಲ್ಲಿ ಅವರ ಹತ್ತು ಮಂದಿ ಸಹೋದ್ಯೋಗಿಗಳು ಸರದಿಯ ಮೇಲೆ ಆ ಕುರ್ಚಿಯನ್ನು ಹಿಡಿದು, ಸುಮಾರು ಒಂದೂವರೆ ಗಂಟೆಯಲ್ಲಿ ಅವರನ್ನು ಹೊರತಂದರು. ಗೋಪುರ ಕುಸಿಯುವ ಮೊದಲು ಎಲ್ಲರೂ ಪಾರಾದರು.

ಮೊದಲನೆಯ ಕಥೆಯನ್ನು ನಾನು ಹಲವು ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಹೇಳುವಾಗ ದೇವಾಲಯ ಮೌನವಾಗುತ್ತದೆ, ಕೆಲವರ ಕಣ್ಣು ಒದ್ದೆಯಾಗುತ್ತದೆ. ಎರಡನೆಯದನ್ನು ಬಹುಕಾಲ ಹೇಳಿರಲಿಲ್ಲ. ಕುರ್ಚಿಯೊಂದನ್ನು ಮೊದಲೇ ಕೊಂಡಿಟ್ಟ ಕಥೆಗೆ ಯಾರು ಅಳುತ್ತಾರೆ? ಆದರೆ ವಯಸ್ಸಾದಂತೆ ನನ್ನನ್ನು ಕಾಡುತ್ತಿರುವುದು ಈ ಎರಡನೆಯದೇ. ಝೆಲ್ಮನೋವಿಟ್ಜ್ ಅವರ ತ್ಯಾಗದ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಅಂಥ ತ್ಯಾಗವನ್ನು ಯಾರೂ ಯಾರಿಂದಲೂ ಕರ್ತವ್ಯವೆಂದು ಕೇಳುವಂತಿಲ್ಲ. ಪ್ರೀತಿಗೂ ಒಂದು ಕ್ರಮವುಂಟೆಂದು ಸಂತ ಥಾಮಸ್ ಅಕ್ವಿನಾಸರು ವಿವೇಚಿಸಿದ್ದನ್ನು ಸೆಮಿನರಿಯಲ್ಲಿ ಓದಿದ್ದೆವು. ಕಡ್ಡಾಯವಾದ ಕರ್ತವ್ಯ ಬೇರೆ, ಅದನ್ನು ಮೀರಿದ ಔದಾರ್ಯ ಬೇರೆ ಎಂದು ನಮ್ಮ ನೀತಿಶಾಸ್ತ್ರ ಎಂದಿನಿಂದಲೂ ಬೇರ್ಪಡಿಸಿದೆ. ಹಾಗಿದ್ದ ಮೇಲೆ, ಸಂಸ್ಥೆಯೊಂದು ತಾನು ಮಾಡಬೇಕಾದ ಸಿದ್ಧತೆಯನ್ನು ಮಾಡದೆ, ಕಷ್ಟದ ಗಳಿಗೆಯಲ್ಲಿ ಯಾವನೋ ಒಬ್ಬ ಗೆಳೆಯನ ಔದಾರ್ಯವನ್ನು ನೆಚ್ಚಿಕೊಂಡರೆ ಏನೆನ್ನಬೇಕು? ತನ್ನ ಸಾಲವನ್ನು ಬಡವನ ಲೆಕ್ಕಕ್ಕೆ ಬರೆದಂತೆ ಅದು.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಇಕ್ಕಟ್ಟಾದ ಮೆಟ್ಟಿಲಲ್ಲಿ ಗಾಲಿಕುರ್ಚಿಯೊಂದು ನಿಧಾನವಾಗಿ ಇಳಿದರೆ ಹಿಂದಿರುವ ಇನ್ನೂರು ಮಂದಿಗೆ ಅಡ್ಡಿಯಾಗದೇ? ಒಬ್ಬನಿಗಾಗಿ ಇನ್ನೂರು ಮಂದಿಯನ್ನು ಅಪಾಯಕ್ಕೊಡ್ಡುವುದು ನ್ಯಾಯವೇ? ಬೆಂಕಿ ಉರಿಯುತ್ತಿರುವಾಗ ಈ ಪ್ರಶ್ನೆ ಎದುರಾದರೆ ಅದಕ್ಕೆ ಶುದ್ಧವಾದ ಉತ್ತರವಿಲ್ಲವೆಂದೇ ನಾನು ತಿಳಿದಿದ್ದೇನೆ. ಆದರೆ ಯೋಜನೆ ಮಾಡುವವನು ಬೆಂಕಿಯ ನಡುವೆ ಕುಳಿತಿಲ್ಲ. ಅವನ ಮುಂದೆ ಕಾಗದವಿದೆ, ಚಹಾ ಇದೆ, ಮುಂದಿನ ತಿಂಗಳ ಸಭೆಯಿದೆ. ಮೆಟ್ಟಿಲಿನ ಅಗಲ, ಕುರ್ಚಿ ಇಳಿಯುವ ಸರದಿ, ಅದನ್ನು ಹಿಡಿಯುವವರ ಹೆಸರು, ಅವರು ರಜೆಯಲ್ಲಿದ್ದರೆ ಬದಲಿ ಯಾರು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗಬಲ್ಲವು. 'ಒಬ್ಬನೋ ಇನ್ನೂರೋ' ಎಂಬ ಆಯ್ಕೆ ಬಹಳ ಸಲ ವಿಧಿ ತಂದದ್ದಲ್ಲ. ಸಭೆಯಲ್ಲಿ ನಾವು ಬಿಟ್ಟುಬಿಟ್ಟ ವಿಷಯವೇ ಬೆಂಕಿಯ ದಿನ ಆ ವೇಷದಲ್ಲಿ ಬರುತ್ತದೆ. ಶುಭಸಂದೇಶದಲ್ಲಿ ಪಾರ್ಶ್ವವಾಯು ಪೀಡಿತನನ್ನು ಚಾವಣಿ ತೆಗೆದು ಇಳಿಸಿದ ನಾಲ್ವರ ವಿಶ್ವಾಸವನ್ನು ನಾವು ಕೊಂಡಾಡುತ್ತೇವೆ. ಹಾಸಿಗೆಯ ನಾಲ್ಕು ಮೂಲೆಗಳನ್ನು ಯಾರು ಯಾರು ಹಿಡಿಯಬೇಕೆಂದು ಅವರು ಮೊದಲೇ ಮಾತಾಡಿಕೊಂಡಿರಲೇಬೇಕು ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಅಪಾಯದ ಸಂದರ್ಭಗಳಲ್ಲಿ ಅವರಿಗೆ ಇತರರಷ್ಟೇ ರಕ್ಷಣೆ ಸಲ್ಲಬೇಕೆಂದು ಹೇಳುತ್ತದೆ. ಅದು ಹಕ್ಕು, ದಯೆಯಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ಕಾಲೇಜೊಂದರಲ್ಲಿ ಹೊಣೆ ಹೊತ್ತಿದ್ದಾಗ, ಅಗ್ನಿಶಾಮಕ ದಳದವರ ಸಮ್ಮುಖದಲ್ಲಿ ಅಣಕು ತೆರವು ನಡೆಸುವುದೆಂದು ನಿಶ್ಚಯವಾಯಿತು. ಎರಡನೆಯ ಮಹಡಿಯ ತರಗತಿಯಲ್ಲಿ ನಡೆಯಲಾಗದ ಒಬ್ಬ ಹುಡುಗನಿದ್ದ. ಗೆಳೆಯರು ದಿನವೂ ಎತ್ತಿಕೊಂಡು ಹತ್ತಿಸಿ ಇಳಿಸುತ್ತಿದ್ದರು. ತಾಲೀಮಿನ ಹಿಂದಿನ ದಿನ ಸಭೆಯಲ್ಲಿ ಯಾರೋ ಅವನ ವಿಷಯವೆತ್ತಿದರು. ಪಾಪ, ಅವನಿಗೇಕೆ ತೊಂದರೆ, ನಾಳೆ ಬರುವುದು ಬೇಡವೆನ್ನೋಣ ಎಂದವನು ನಾನೇ. ಎಲ್ಲರೂ ಒಪ್ಪಿದರು. ಮರುದಿನ ಇಡೀ ಕಟ್ಟಡ ನಾಲ್ಕೂವರೆ ನಿಮಿಷದಲ್ಲಿ ಖಾಲಿಯಾಯಿತು. ಬಂದಿದ್ದ ಅಧಿಕಾರಿ ಮೆಚ್ಚಿಕೊಂಡರು, ನಾವು ಚಪ್ಪಾಳೆ ತಟ್ಟಿದೆವು, ಪುಸ್ತಕದಲ್ಲಿ ಸಮಯ ದಾಖಲಾಯಿತು.

ಎರಡು ದಿನ ಕಳೆದು ಆ ಹುಡುಗ ಗೆಳೆಯನೊಬ್ಬನೊಡನೆ ನನ್ನ ಕೊಠಡಿಗೆ ಬಂದ. ಸಿಟ್ಟೇನೂ ಇರಲಿಲ್ಲ, ಮುಖದಲ್ಲಿ ನಗುವೇ ಇತ್ತು. "ಫಾದರ್, ನಿಜವಾಗಿ ಬೆಂಕಿ ಬೀಳುವ ದಿನವೂ ನನಗೆ ಹಿಂದಿನ ದಿನವೇ ಹೇಳಿ ಕಳಿಸ್ತೀರಾ?" ಎಂದು ಕೇಳಿದ.

ನಾನು ಏನು ಉತ್ತರಿಸಿದೆನೋ ನೆನಪಿಲ್ಲ. ಸಭೆಗೆ ಅವನನ್ನೇ ಕರೆದುಕೊಂಡದ್ದು ನೆನಪಿದೆ. ನಮಗಾರಿಗೂ ತಿಳಿಯದ ಸಂಗತಿಗಳನ್ನು ಅವನು ಹೇಳಿದ. ತೋಳು ಹಿಡಿದು ಎಳೆದರೆ ತನ್ನ ಭುಜಕ್ಕೆ ಪೆಟ್ಟಾಗುತ್ತದೆ. ಎತ್ತುವ ಮೊದಲು ಒಂದು ಮಾತು ಹೇಳಬೇಕು. ದಿನವೂ ಎತ್ತುವ ಇಬ್ಬರೂ ಒಂದೇ ಊರಿನವರು, ಹಬ್ಬಕ್ಕೆ ಒಟ್ಟಿಗೇ ಹೋಗಿಬಿಡುತ್ತಾರೆ. ಕೊನೆಗೆ ಸಂಕೋಚದಿಂದ, ತನ್ನ ತರಗತಿಯನ್ನು ಕೆಳ ಅಂತಸ್ತಿಗೆ ತರಲಾಗದೇ ಎಂದು ಕೇಳಿದ. ತರಲಾಗುತ್ತಿತ್ತು. ವೇಳಾಪಟ್ಟಿ ತಿದ್ದಲು ನಮ್ಮ ಗುಮಾಸ್ತರಿಗೆ ಒಂದು ಮಧ್ಯಾಹ್ನ ಸಾಕಾಯಿತು. ಎರಡು ವರ್ಷ ಅವನನ್ನು ಮೆಟ್ಟಿಲು ಹತ್ತಿಸಿದ್ದು ಯಾವ ಕಾರಣಕ್ಕೆಂದು ಯಾರಿಗೂ ಗೊತ್ತಿರಲಿಲ್ಲ.

ಗ್ರಂಥಾಲಯ ಮಾತ್ರ ಮೇಲೆಯೇ ಉಳಿಯಿತು. ಮುಂದಿನ ತಾಲೀಮಿನ ದಿನ ಅವನು ಬೇಕೆಂದೇ ಅಲ್ಲಿ ಕುಳಿತಿದ್ದ. ಹೆಸರು ಬರೆದಿಟ್ಟಿದ್ದ ನಾಲ್ವರು ಹೋಗಿ ಕುರ್ಚಿ ಸಮೇತ ಅವನನ್ನು ಇಳಿಸಿ ತಂದಾಗ ಏಳು ನಿಮಿಷ ದಾಟಿತ್ತು. ಹಿಂದಿನ ವರ್ಷಕ್ಕಿಂತ ಹಿಂದೆ ಬಿದ್ದೆವಲ್ಲ ಎಂದು ಒಬ್ಬ ಅಧ್ಯಾಪಕರು ಪೇಚಾಡಿಕೊಂಡರು. ನಾನು ಪುಸ್ತಕ ತರಿಸಿ ಏಳು ನಿಮಿಷವೆಂದು ಬರೆದು, ಮೇಲಿನ ಸಾಲಿನ ನಾಲ್ಕೂವರೆ ನಿಮಿಷದ ಪಕ್ಕದಲ್ಲಿ 'ಒಬ್ಬರನ್ನು ಬಿಟ್ಟು' ಎಂದು ಸೇರಿಸಿದೆ.