ಏನೂ ಆಗಲಿಲ್ವಲ್ಲ!

‘ಓಡ್ತಾ ಇರೋ ಗಾಡಿಗೆ ಕೈ ಹಾಕಬಾರದು’ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಅದರಲ್ಲಿ ವಿವೇಕ ಇಲ್ಲ ಅಂತಲ್ಲ. ಚೆನ್ನಾಗಿ ನಡೀತಿರೋದನ್ನ ಸುಧಾರಿಸೋಕೆ ಹೋಗಿ ಹಾಳು ಮಾಡಿಟ್ಟ ಉದಾಹರಣೆಗಳು ಮನೆಯಲ್ಲೂ ಆಫೀಸಿನಲ್ಲೂ ಬೇಕಾದಷ್ಟು ಸಿಗುತ್ತವೆ. ಆದರೆ ಅನೇಕ ಕಾರುಗಳ ಎಂಜಿನ್ನಿನಲ್ಲಿ ಈ ಮಾತು ನಡೆಯದ ಒಂದು ಭಾಗ ಇದೆ. ಅದನ್ನು ಕೆಡುವ ಮೊದಲೇ ತೆಗೆದು ಎಸೆಯಬೇಕು. ಕೆಟ್ಟ ಮೇಲೆ ನೋಡ್ಕೊಳ್ಳೋಣ ಅಂತ ಕೂತರೆ, ಆಮೇಲೆ ಬದಲಾಯಿಸಬೇಕಾದ್ದು ಅದೊಂದೇ ಆಗಿರೋದಿಲ್ಲ. ಅದರ ಹೆಸರು ಟೈಮಿಂಗ್ ಬೆಲ್ಟ್.

ಅದರ ಕೆಲಸ ಸರಳ. ಎಂಜಿನ್ನಿನ ಕೆಳಗಡೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತೆ, ಅದಕ್ಕೆ ಸೇರಿಕೊಂಡು ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಮೇಲ್ಗಡೆ ಕ್ಯಾಮ್ ಶಾಫ್ಟ್ ತಿರುಗಿ ವಾಲ್ವ್‌ಗಳನ್ನು ತೆರೆಯುತ್ತೆ, ಮುಚ್ಚುತ್ತೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ತಪ್ಪದಂತೆ ಹಿಡಿದಿಡೋದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅದರೊಳಗೆ ಗಾಜಿನ ನಾರಿನ ಎಳೆಗಳು. ಮೊದಲೆಲ್ಲ ಈ ಕೆಲಸಕ್ಕೆ ಚೈನು ಅಥವಾ ಗೇರುಗಳಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಮಾದರಿಯ ಕಾರಿಗೆ ರಬ್ಬರ್ ಬೆಲ್ಟ್ ಹಾಕಿತು. ಹಗುರ, ಅಗ್ಗ, ಸದ್ದಿಲ್ಲ. ಎಣ್ಣೆಯೂ ಬೇಡ.

ಬಹುತೇಕ ಡೀಸೆಲ್ ಎಂಜಿನ್ನುಗಳಲ್ಲಿ, ಎಷ್ಟೋ ಪೆಟ್ರೋಲ್ ಎಂಜಿನ್ನುಗಳಲ್ಲೂ, ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗವನ್ನು ಹಂಚಿಕೊಂಡಿರುತ್ತವೆ. ಹಗಲು ಪಾಳಿಯವನೂ ರಾತ್ರಿ ಪಾಳಿಯವನೂ ಒಂದೇ ಪೀಜಿಯ ಒಂದೇ ಮಂಚ ಹಂಚಿಕೊಂಡ ಹಾಗೆ. ಸಮಯ ಪಾಲಿಸುವವರೆಗೆ ಜಗಳವಿಲ್ಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತೆ. ಆ ಹೊತ್ತಲ್ಲಿ ಬೆಲ್ಟ್ ಕಡಿದರೆ ಕ್ಯಾಮ್ ನಿಲ್ಲುತ್ತೆ, ಪಿಸ್ಟನ್ ನಿಲ್ಲೋದಿಲ್ಲ. ತೆರೆದು ನಿಂತ ವಾಲ್ವ್‌ಗಳಿಗೆ ಹೋಗಿ ಗುದ್ದುತ್ತೆ. ಅಲ್ಲಿಗೆ ಎಂಜಿನ್ ಕಥೆ ಹೆಚ್ಚುಕಡಿಮೆ ಮುಗಿದ ಹಾಗೆ. ಇದು ಬರೀ ದುಡ್ಡಿನ ಮಾತೂ ಅಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ ಸತ್ತರೆ ಸ್ಟಿಯರಿಂಗ್ ಭಾರವಾಗುತ್ತೆ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತೆ.

ಇಷ್ಟು ಅಪಾಯ ಇರೋ ವಸ್ತು ಮುನ್ಸೂಚನೆ ಕೊಡುತ್ತಾ? ಸಾಮಾನ್ಯವಾಗಿ ಇಲ್ಲ. ಬ್ರೇಕ್ ಪ್ಯಾಡ್ ಸವೆದರೆ ಕಿರುಚುತ್ತೆ. ಬ್ಯಾಟರಿ ಸೋತರೆ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಮುಲುಗುತ್ತೆ. ಟೈಮಿಂಗ್ ಬೆಲ್ಟ್ ಮಾತ್ರ ಪ್ಲಾಸ್ಟಿಕ್ ಕವರಿನ ಹಿಂದೆ ಕೂತು ಕೊನೇ ದಿನದವರೆಗೂ ನಿಷ್ಠೆಯಿಂದ ದುಡಿದು ಒಂದು ದಿನ ಹೇಳದೇ ಕೇಳದೇ ಹೋಗಿಬಿಡುತ್ತೆ. ಅದಕ್ಕೇ ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಬರೆದಿರುತ್ತಾರೆ. ರಬ್ಬರ್ ಓಡದಿದ್ದರೂ ಮುದಿಯಾಗುತ್ತೆ. ನಮ್ಮ ಕೈಲಿರೋ ಆಧಾರ ಆ ಅಂಕಿ ಒಂದೇ.

ಕಳೆದ ವರ್ಷ ನನ್ನ ಹಳೇ ಡೀಸೆಲ್ ಕಾರು ಆ ಅಂಕಿಯ ಹತ್ತಿರ ಬಂತು. ಜೆ.ಸಿ. ರಸ್ತೆಗೆ ಹೋಗಿ ಬೆಲ್ಟ್, ಟೆನ್ಷನರ್, ಐಡ್ಲರ್, ನೀರಿನ ಪಂಪು ಎಲ್ಲ ಇರೋ ಕಿಟ್ ತಂದೆ. ನನ್ನ ಎಂಜಿನ್ನಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತೆ. ಬೆಲ್ಟ್ ಹೊಸದಾಗಿ, ಪಂಪಿನ ಬೇರಿಂಗ್ ಹಳೇದಾಗಿ ಉಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಒಬ್ಬ ಗೆಳೆಯ ವರ್ಷಾನುಗಟ್ಟಲೆ ಗಾಡಿ ರಿಪೇರಿ ಮಾಡಿದವನು, ಅವನು ಪಕ್ಕದಲ್ಲಿ ಕೂತು ಹೇಳಿಕೊಟ್ಟ, ಸ್ಪ್ಯಾನರ್ ಹಿಡಿದದ್ದು ನಾನು. ಇಡೀ ಶನಿವಾರ ಹೋಯ್ತು. ಬ್ಯಾಟರಿ ತಂತಿ ಬಿಚ್ಚಿ, ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಬಲಗಡೆಯ ಮುಂದಿನ ಚಕ್ರ ತೆಗೆದೆವು. ಎಂಜಿನ್ನಿಗೆ ಕೆಳಗಿನಿಂದ ಮರದ ತುಂಡಿನ ಆಸರೆ ಕೊಟ್ಟು ಒಂದು ಮೌಂಟ್ ಬಿಚ್ಚಿದೆವು. ಕ್ರ್ಯಾಂಕನ್ನೂ ಕ್ಯಾಮನ್ನೂ ಗುರುತಿಗೆ ತಂದು ಪಿನ್ ಹಾಕಿ ಲಾಕ್ ಮಾಡಿದೆವು. ಹಳೇದು ತೆಗೆದು ಹೊಸದು ಹಾಕೋದು ಹತ್ತು ನಿಮಿಷದ ಕೆಲಸ. ಅಲ್ಲಿಗೆ ತಲುಪೋದೇ ಆರು ಗಂಟೆಯ ಕೆಲಸ.

ಹೊಸ ಬೆಲ್ಟ್ ಕೂತ ಮೇಲೆ ಕೀಲಿ ತಿರುಗಿಸೋ ಆತುರ ಬರುತ್ತೆ. ತಿರುಗಿಸಬಾರದು. ಪಿನ್ನುಗಳನ್ನು ತೆಗೆದು, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎರಡೇ ಯಾಕಂದ್ರೆ ಅಷ್ಟರಲ್ಲಿ ಕ್ಯಾಮಿನ ಒಂದು ಸುತ್ತು, ಅಂದರೆ ಎಂಜಿನ್ನಿನ ಒಂದು ಇಡೀ ಚಕ್ರ ಮುಗಿಯುತ್ತೆ. ಒಂದು ಹಲ್ಲು ಹೆಚ್ಚುಕಮ್ಮಿ ಆಗಿದ್ದರೆ ಗುರುತುಗಳು ಮತ್ತೆ ಕೂಡೋದಿಲ್ಲ. ಮಧ್ಯೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ನಿಲ್ಲಿಸಿ ಮತ್ತೆ ಮೊದಲಿಂದ ನೋಡಬೇಕು. ತಪ್ಪಿದ್ದರೆ ನಿಧಾನವಾಗಿ, ಏನನ್ನೂ ಮುರಿಯದೆ ತಿಳಿಯೋ ಕಡೇ ಅವಕಾಶ ಅದು.

ಎಲ್ಲ ಮುಗಿದ ಮೇಲೆ ಹಳೇ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಂದಕ್ಕೆ ಬಾಗಿಸಿದೆ. ಒಂದು ಸಣ್ಣ ಬಿರುಕೂ ಇಲ್ಲ, ಹಲ್ಲುಗಳೆಲ್ಲ ನೆಟ್ಟಗಿವೆ. ಪಾರ್ಕಿಂಗಿನಲ್ಲಿ ಹಾದು ಹೋಗ್ತಿದ್ದ ನೆರೆಯವರು ನೋಡಿ, “ಚೆನ್ನಾಗೇ ಇತ್ತಲ್ರೀ, ಸುಮ್ನೆ ದುಡ್ಡು ದಂಡ” ಅಂದರು.

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆ ಬೆಲ್ಟ್ ಇನ್ನೂ ಐವತ್ತು ಸಾವಿರ ಕಿಲೋಮೀಟರ್ ಓಡುತ್ತಿತ್ತೋ, ಮುಂದಿನ ವಾರವೇ ಕಡಿಯುತ್ತಿತ್ತೋ ಯಾರಿಗೂ ಗೊತ್ತಾಗೋದಿಲ್ಲ. ಗೊತ್ತಾಗುವ ದಾರಿಯನ್ನೇ ನಾನು ಬಿಚ್ಚಿ ಎಸೆದಿದ್ದೆ.

ಈ ಕಷ್ಟ ನಮ್ಮಲ್ಲಿ ಹಲವರಿಗೆ ಆಫೀಸಿನಿಂದಲೇ ಪರಿಚಯ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಸರಿಮಾಡಿದವನಿಗೆ ಎಲ್ಲರೂ ಇರೋ ಮೇಲ್‌ನಲ್ಲಿ ಶಹಬ್ಬಾಸ್‌ಗಿರಿ. ಅದು ಬೀಳದ ಹಾಗೆ ಮೂರು ತಿಂಗಳ ಹಿಂದೆಯೇ ನೋಡಿಕೊಂಡವಳು ಅಪ್ರೈಸಲ್‌ನಲ್ಲಿ ಏನಂತ ಬರೆಯಬೇಕು? 2000ನೇ ಇಸವಿಯ ವೈಟುಕೆ ಗಲಾಟೆಯೂ ಹೀಗೇ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೇ ಪ್ರೋಗ್ರಾಮುಗಳನ್ನು ಬೆಂಗಳೂರಿನವರೂ ಸೇರಿ ಸಾವಿರಾರು ಜನ ಕೂತು ತಿದ್ದಿದರು. ಜನವರಿ 1ರಂದು ಹೇಳಿಕೊಳ್ಳುವಂಥ ಅನಾಹುತ ಆಗಲಿಲ್ಲ. ಆಗದೇ ಇದ್ದದ್ದನ್ನೇ ಹಿಡಿದು ಅದೆಲ್ಲ ಬರೀ ಗುಲ್ಲು ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಇಲ್ಲಿವರೆಗಿನದು ಮೆಚ್ಚುಗೆ ಸಿಗದ ಕೊರಗು. ಮೆಚ್ಚುಗೆ ಇಲ್ಲದಿದ್ದರೂ ಬದುಕಬಹುದು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಪರಿಚಯದ ಒಬ್ಬರು ಅದೇ ಸುಮಾರಿಗೆ ಕಾರು ಮಾರಿದರು. ಅವರದ್ದೂ ಬೆಲ್ಟಿನ ಗಡುವು ಮುಟ್ಟಿದ ಗಾಡಿ. ಗಡುವು ಹತ್ತಿರ ಬಂತು ಅಂತಲೇ ಮಾರಿದ್ದು, ಅದನ್ನು ನನ್ನ ಹತ್ತಿರ ಮುಚ್ಚಿಡಲಿಲ್ಲ. ಕೊಂಡ ಹುಡುಗನಿಗೆ ಅದು ಮೊದಲ ಕಾರು. “ಅವನು ಕೇಳಲಿಲ್ಲ, ನಾನು ಸುಳ್ಳು ಹೇಳಲಿಲ್ಲ” ಅಂದರು. ಕೆಲವು ತಿಂಗಳಾದ ಮೇಲೆ ಮತ್ತೆ ಮಾತು ಬಂದಾಗ ನಕ್ಕು, “ಏನೂ ಆಗಲಿಲ್ವಲ್ಲ! ಮೊನ್ನೆ ಕೂಡ ಸಿಕ್ಕಿದ್ದ, ಗಾಡಿ ಚೆನ್ನಾಗಿದೆ ಅಂದ” ಅಂದರು.

ಅವರೂ ನಾನೂ ಒಂದೇ ಸಾಕ್ಷಿಯನ್ನು ಇಟ್ಟುಕೊಂಡು ನಿಂತಿದ್ದೇವೆ. ನನ್ನ ಶನಿವಾರದ ಫಲ, ಏನೂ ಆಗಲಿಲ್ಲ. ಅವರ ಮೌನದ ಫಲವೂ ಇವತ್ತಿನವರೆಗೆ ಏನೂ ಆಗಲಿಲ್ಲ. ಫಲ ಮಾತ್ರ ನೋಡಿ ತೂಗಿದರೆ ಅವರೇ ಜಾಣರು. ದುಡ್ಡು ಉಳಿಯಿತು, ಕೈ ಮಸಿಯಾಗಲಿಲ್ಲ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ಈ ತೊಡಕಿಗೆ ನೈತಿಕ ಅದೃಷ್ಟ ಅಂತ ಹೆಸರಿಟ್ಟು ಚರ್ಚಿಸಿದರು. ನೇಗಲ್ ಕೊಡುವ ಒಂದು ಉದಾಹರಣೆಯೂ ಗಾಡಿಯದ್ದೇ. ಬ್ರೇಕ್ ಪರೀಕ್ಷೆ ಮಾಡಿಸದ ಒಬ್ಬ ಲಾರಿ ಚಾಲಕನಿಗೆ ಮಗುವೊಂದು ಅಡ್ಡ ಬರುತ್ತೆ. ಅಷ್ಟೇ ಉದಾಸೀನ ಮಾಡಿದ ಇನ್ನೊಬ್ಬನಿಗೆ ಯಾರೂ ಅಡ್ಡ ಬರೋದಿಲ್ಲ. ಮೊದಲನೆಯವನನ್ನು ಜಗತ್ತು ಕ್ಷಮಿಸೋದಿಲ್ಲ, ಎರಡನೆಯವನು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಇಬ್ಬರೂ ಮಾಡಿದ್ದು ಒಂದೇ.

ಹಾಗಾದರೆ ಯಾವುದನ್ನು ತೂಗಬೇಕು? ನನಗೆ ಕಾಣೋದು ಇಷ್ಟು. ಆ ಹೊತ್ತಿನಲ್ಲಿ ನಮಗೆ ಗೊತ್ತಿದ್ದದ್ದೇನು, ಗೊತ್ತಿದ್ದ ಅಪಾಯವನ್ನು ಯಾರ ತಲೆ ಮೇಲೆ ಇಟ್ಟೆವು? ನನ್ನ ಗಾಡಿಯ ಬೆಲ್ಟ್ ಬದಲಾಯಿಸದೆ ನಾನೇ ಓಡಿಸಿಕೊಂಡಿದ್ದರೆ ಅದು ಸ್ವಲ್ಪ ಮಟ್ಟಿಗೆ ನನ್ನ ಜೂಜು. ಸ್ವಲ್ಪ ಮಟ್ಟಿಗೆ ಮಾತ್ರ, ಯಾಕಂದ್ರೆ ಹಿಂದಿನ ಸೀಟಿನಲ್ಲಿ ಕೂತವರನ್ನು ನಾನು ಕೇಳಿರೋದಿಲ್ಲ. ಹೇಳದೆ ಮಾರಿದರೆ ಪಣಕ್ಕಿಟ್ಟದ್ದು ಪೂರ್ತಿ ಇನ್ನೊಬ್ಬನ ಎಂಜಿನ್ನು, ಇನ್ನೊಬ್ಬನ ಘಾಟಿ. ಗೆದ್ದ ಲಾಭ ಮಾತ್ರ ನನ್ನ ಜೇಬಿಗೆ. ಆ ಹುಡುಗ ಬಾನೆಟ್ ಎತ್ತಿ ಎಷ್ಟು ಹೊತ್ತು ನೋಡಿದರೂ ಅವನಿಗೆ ಕಾಣೋದು ಕವರು. ಅವನು ಕೇಳಲಿಲ್ಲ ಅನ್ನೋದು ನಿಜ. ಏನನ್ನು ಕೇಳಬೇಕು ಅಂತ ಗೊತ್ತಿದ್ದದ್ದು ಮಾರಿದವರಿಗೆ ಮಾತ್ರ.

ಇದಕ್ಕೆ ಒಂದು ಆಕ್ಷೇಪ ನ್ಯಾಯವಾದದ್ದೇ. ಹೀಗೆ ಹೆದರುತ್ತಾ ಹೋದರೆ ಎಲ್ಲವನ್ನೂ ಬದಲಾಯಿಸುತ್ತಲೇ ಇರಬೇಕಲ್ವಾ? ಬೇಡ. ಬಲ್ಬು ಹೋಗುವವರೆಗೂ ಉರಿಯಲಿ. ವೈಪರ್ ಕರಕರ ಅಂದಾಗ ಬದಲಾಯಿಸಿದರೆ ಸಾಕು. ಮೊದಲೇ ಹೇಳದ, ಕೆಟ್ಟರೆ ಜೊತೆಯವುಗಳನ್ನೂ ಕೆಡಿಸುವ, ತಡೆಯಲು ತಗಲುವ ಖರ್ಚು ಅನಾಹುತದ ಮುಂದೆ ಚಿಕ್ಕದಾಗಿರುವ ವಿಷಯಗಳು ಬದುಕಿನಲ್ಲಿ ಕೆಲವೇ. ಆ ಕೆಲವನ್ನು ಗುರುತಿಸಿಕೊಂಡರೆ ಆಯ್ತು. ಅಪ್ಪನ ಬಿಪಿ ನೋಡಿಸೋದು ಆ ಪಟ್ಟಿಯಲ್ಲಿ ಇದೆ. ಡೇಟಾ ಬ್ಯಾಕಪ್ ಇದೆ. ಅಪಾರ್ಟ್‌ಮೆಂಟಿನ ಲಿಫ್ಟಿನ ತಪಾಸಣೆಯೂ ಇದೆ.

ಇನ್ನೊಂದು ಮಾತು. ಮನೆಯಲ್ಲೇ ಮಾಡಿದೆ ಅನ್ನೋದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಒಳ್ಳೇ ಮೆಕ್ಯಾನಿಕ್ ನನಗಿಂತ ಬೇಗ, ನನಗಿಂತ ಚೆನ್ನಾಗಿ ಮಾಡುತ್ತಾನೆ, ಜೊತೆಗೆ ಬಿಲ್ ಕೊಡುತ್ತಾನೆ. ನಾಳೆ ನಾನು ಈ ಗಾಡಿ ಮಾರಲು ಹೋದರೆ ಬೆಲೆ ಬರೋದು ಆ ಬಿಲ್ಲಿಗೆ, ನನ್ನ ಮಾತಿಗಲ್ಲ. ಮಾತಿಗೆ ಬೆಲೆ ಇಲ್ಲದಂತೆ ಮಾಡಿರೋದೂ ‘ಅವನು ಕೇಳಲಿಲ್ಲ’ ಅನ್ನುವ ನಾವುಗಳೇ. ಹಾಗಾಗಿ ಕಿಟ್‌ನ ರಸೀತಿಯನ್ನು ಕಾರಿನ ಪುಸ್ತಕದೊಳಗೆ ಇಟ್ಟಿದ್ದೇನೆ. ಟೈಮಿಂಗ್ ಕವರಿನ ಮೇಲೆ ಬಿಳಿ ಪೇಂಟ್ ಮಾರ್ಕರಿನಲ್ಲಿ ತಾರೀಖು, ಕಿಲೋಮೀಟರು ಬರೆದಿದ್ದೇನೆ. ಅದರ ಕೆಳಗೆ ಮುಂದಿನ ಸಲ ಯಾವಾಗ ಅನ್ನೋದನ್ನೂ ಬರೆದಿದ್ದೇನೆ. ಆ ಹೊತ್ತಿಗೆ ಗಾಡಿ ನನ್ನದಾಗಿರುತ್ತೆ ಅನ್ನೋ ಖಾತ್ರಿ ಇಲ್ಲ. ಯಾರದ್ದಾಗಿದ್ದರೂ ಅವರಿಗೆ ಓದೋಕೆ ಬರಲಿ ಅಂತ ಅಂಕಿಗಳನ್ನು ದೊಡ್ಡದಾಗಿ ಬರೆದೆ.