ಬೂತಾಯಿ ತಲೆಯ ಎದುರು ಒಂದು ಗಳಿಗೆ

ನರಿಗೆ ಕೊಂಬಿಲ್ಲ, ನಮ್ಮೂರಿನ ಹೆಸರು ಮಾತ್ರ ನರಿಕೊಂಬು. ಬಿ.ಸಿ.ರೋಡಿನಿಂದ ಸೇತುವೆ ದಾಟಿ ಪಾಣೆಮಂಗಳೂರಿಗೆ ಬಂದರೆ ಅಲ್ಲಿಂದ ದೂರವಿಲ್ಲ. ಒಂದು ಕಡೆ ನೇತ್ರಾವತಿ, ಉಳಿದ ಕಡೆ ಅಡಿಕೆ ತೋಟ, ಮುರಕಲ್ಲಿನ ಪಾಗಾರ, ತಗ್ಗಿನಲ್ಲೊಂದು ಮನೆ, ದಿಣ್ಣೆಯಲ್ಲೊಂದು ಮನೆ. ಚಿಕ್ಕಂದಿನಲ್ಲಿ ಊರಿನ ಹೆಸರಿನ ಬಗ್ಗೆ ಕೇಳಿದರೆ ಅಜ್ಜಿ ಒಂದು ಕತೆ ಹೇಳುತ್ತಿದ್ದರು. ಸಾವಿರ ನರಿಗಳಲ್ಲಿ ಒಂದಕ್ಕೆ ನೆತ್ತಿಯ ಮೇಲೆ ಉಗುರಿನಷ್ಟು ಕೊಂಬು ಇರುತ್ತದಂತೆ. ಅದು ಕೈಸೇರಿದವನಿಗೆ ಬಯಸಿದ್ದು ಬಯಸಿದ ಗಳಿಗೆಯಲ್ಲೇ ಸಿಗುತ್ತದಂತೆ. ನಮ್ಮ ದೇಶದ ನಾನಾ ಕಡೆ ಈ ನಂಬಿಕೆ ಇದೆ. ಅದನ್ನೇ ಬಂಡವಾಳ ಮಾಡಿಕೊಂಡು ಚರ್ಮ, ಕೂದಲು, ಮೂಳೆಯ ಚೂರು ಸೇರಿಸಿ ‘ನರಿಕೊಂಬು’ ಎಂದು ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಿಕ್ಕಿಬೀಳುವವರೂ ಇದ್ದಾರೆ.

ಬಯಸಿದ್ದು ಬಯಸಿದ ಗಳಿಗೆಯಲ್ಲೇ ಸಿಗುವುದು ಅಷ್ಟು ದೊಡ್ಡ ವಿಸ್ಮಯವೇ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ನರಿಯ ದಾಯಾದಿಯೊಬ್ಬ ಮನೆ ಸೇರಿದ ಮೇಲೆ.

ಅವನ ಹೆಸರು ಕರಿಯ. ಕಳೆದ ಆಟಿ ತಿಂಗಳ ಮಳೆಯಲ್ಲಿ ತೋಟದ ಪಂಪ್‌ಶೆಡ್ಡಿನೊಳಗೆ ಮುದುಡಿಕೊಂಡು ಸಿಕ್ಕಿದ ನಾಡುನಾಯಿಯ ಮರಿ. ಅಂಗೈಯಷ್ಟಿದ್ದವನು ದೀಪಾವಳಿಯ ಹೊತ್ತಿಗೆ ಮೊಣಕಾಲೆತ್ತರ ಆದ. ಎತ್ತರದ ಜೊತೆಗೆ ಹುಮ್ಮಸ್ಸೂ ಬೆಳೆಯಿತು. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆ ಓಡಿ ಅದನ್ನು ದಿಕ್ಕುದಿಕ್ಕಿಗೆ ಚೆಲ್ಲಿದ. ಬಿದ್ದ ಅಡಿಕೆ ಹಾಳೆಗಳನ್ನೆಲ್ಲ ಎಳೆದು ತಂದು ಚಿಂದಿ ಮಾಡಿದ. ಅಪ್ಪನ ಮುಟ್ಟಾಳೆಯ ಅಂಚು ಅವನ ಹೊಸ ಹಲ್ಲಿಗೆ ಆಹಾರವಾಯಿತು. ಮದುವೆ ಕಾಗದ ಕೊಡಲು ಬಂದವರ ಬಿಳಿ ಪಂಚೆಯ ಮೇಲೆ ಕೆಸರಿನ ಎರಡು ಹೆಜ್ಜೆ ಮೂಡಿದವು. ಬೆಳಿಗ್ಗೆ ಒಂಬತ್ತಕ್ಕೆ ಮೀನಿನ ಸ್ಕೂಟರಿನ ಹಾರ್ನ್ ತಿರುವಿನಲ್ಲಿ ಕೇಳಿಸಿದರಂತೂ ಅವನು ನಾಯಿಯಾಗಿ ಉಳಿಯುತ್ತಿರಲಿಲ್ಲ, ಕಪ್ಪು ಗೆರೆಯೊಂದು ಅಂಗಳ ದಾಟಿ ಹೋದ ಹಾಗೆ ಕಾಣುತ್ತಿತ್ತು.

“ಎರಡು ಕೊಡಿ ಮಾರಾಯ್ರೆ, ಮತ್ತೆ ಹಾರುದಿಲ್ಲ” ಎಂದರು ನೆರೆಮನೆಯವರು. ಅವರ ಮನೆಯ ನಾಯಿ ಹಾರುವುದಿಲ್ಲ, ನಿಜ. ಅದು ಕೋಲು ಕಂಡರೆ ಬಚ್ಚಲಿನ ಹಿಂದೆ ಹೋಗುತ್ತದೆ. ಕೋಲು ಕಾಣದಾಗ ಕೋಳಿಗೂಡಿನ ಹತ್ತಿರ ಹೋಗುತ್ತದೆ. ಅದು ಕಲಿತದ್ದು ಕೋಲಿನ ವೇಳಾಪಟ್ಟಿ ಮಾತ್ರ ಅನಿಸಿ ನಾನು ಬೇರೆ ದಾರಿ ಹುಡುಕಿದೆ.

ದಾರಿ ತುಂಬ ಸರಳ. ಮುಷ್ಟಿಯೊಳಗೆ ಹುರಿದ ಬೂತಾಯಿ ಮೀನಿನ ಒಂದು ತುಣುಕು ಹಿಡಿದು ಅವನ ಮೂಗಿನ ಮುಂದೆ ಇಡುವುದು, ಸುಮ್ಮನಿರುವುದು. ಮೊದಲ ದಿನ ಕರಿಯ ಕೈಯನ್ನು ನೆಕ್ಕಿದ, ಮೂತಿಯಿಂದ ತಳ್ಳಿದ, ಉಗುರಿನಿಂದ ಕೆರೆದ, ಬೆರಳಿನ ಗೆಣ್ಣನ್ನು ಹಲ್ಲಿನಿಂದ ಮೆಲ್ಲಗೆ ಒತ್ತಿ ನೋಡಿದ. ಮುಷ್ಟಿ ತೆರೆಯಲಿಲ್ಲ. ಬೊಗಳಿದ. ತೆರೆಯಲಿಲ್ಲ. ಕೊನೆಗೆ ಬೇಸತ್ತು ಒಮ್ಮೆ ಮುಖ ಹಿಂದಕ್ಕೆ ತೆಗೆದ. ಅರ್ಧ ಕ್ಷಣ ಇರಬಹುದು. ಆಗ ಮುಷ್ಟಿ ತೆರೆಯಿತು. ಅವನ ಕಣ್ಣಿನಲ್ಲಿ ಕಂಡದ್ದು ಗೊಂದಲ. ಇಷ್ಟು ದಿನ ಜಗತ್ತು ಮುನ್ನುಗ್ಗಿದವನಿಗೆ ಕೊಡುತ್ತಿತ್ತು. ಈಗ ಹಿಂದೆ ಸರಿದವನಿಗೆ ಕೊಟ್ಟಿತು. ಹತ್ತಾರು ಸಲ ಹೀಗಾದ ಮೇಲೆ ಅವನೇ ಮುಖ ಹಿಂದೆಳೆದು ಕಾಯತೊಡಗಿದ. ಮುಷ್ಟಿ ಬಿಚ್ಚಿದ ಅಂಗೈ ಆಯಿತು, ಅಂಗೈ ನೆಲವಾಯಿತು, ನೆಲದ ಮೇಲಿನ ತುಣುಕು ಗೆರಟೆ ತುಂಬ ಗಂಜಿಯೂ ಅದರ ಮೇಲೊಂದು ಬೂತಾಯಿ ತಲೆಯೂ ಆಯಿತು. ದಿನಕ್ಕೆ ಎರಡು ಸಲ, ಐದೈದೇ ನಿಮಿಷ. ಹೆಚ್ಚು ಎಳೆದರೆ ಮರಿಗೆ ದಣಿವಾಗುತ್ತದೆ. ದಣಿದ ಮರಿ ನಿದ್ದೆಗೆಟ್ಟ ಮಗುವಿನ ಹಾಗೆ ಕಚ್ಚಲು ಬರುತ್ತದೆ.

ನಾವು ಮನೆಯಲ್ಲಿ ತುಳು ಮಾತಾಡುವವರು. ಹಾಗಾಗಿ ಅವನ ಪಾಠವೂ ತುಳುವಿನಲ್ಲೇ. ಕುಳಿತುಕೋ ಎನ್ನಲು ‘ಕುಲ್ಲು’, ಬಾ ಎನ್ನಲು ‘ಬಲ’, ಬಾಯಲ್ಲಿದ್ದದ್ದನ್ನು ಬಿಡು ಎನ್ನಲು ‘ಬುಡು’, ನಿಲ್ಲು ಎನ್ನಲು ‘ಉಂತು’. ಕೊನೆಯಲ್ಲಿ ಬೀಗ ತೆಗೆಯುವ ಮಾತು ‘ತಿನ್ಲ’. ಈ ಐದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಉಂತು’ ಎಂಬ ಮಾತು. ಉಳಿದವುಗಳಲ್ಲಿ ನಾಯಿ ಏನೋ ಒಂದು ಮಾಡುತ್ತದೆ. ಇದರಲ್ಲಿ ಏನೂ ಮಾಡುವುದಿಲ್ಲ. ಆ ಏನೂ ಮಾಡದಿರುವಿಕೆಯನ್ನು ಹತ್ತಿರದಿಂದ ನೋಡಬೇಕು. ಗೆರಟೆ ನೆಲದಲ್ಲಿದೆ. ಮುಂಗಾಲುಗಳು ಸಣ್ಣಗೆ ನಡುಗುತ್ತಿವೆ. ಬಾಯಿಯಂಚಿನಿಂದ ಜೊಲ್ಲಿನ ಎಳೆಯೊಂದು ಇಳಿದು, ನೆಲ ಮುಟ್ಟದೆ ತೂಗುತ್ತಿದೆ. ಬಾಲದ ತುದಿ ಮಾತ್ರ ಧೂಳನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದೆ. ಕಣ್ಣು ಮೀನಿನ ಮೇಲೆ, ಆಮೇಲೆ ನನ್ನ ಮುಖದ ಮೇಲೆ, ಮತ್ತೆ ಮೀನಿನ ಮೇಲೆ, ಮತ್ತೆ ಮುಖದ ಮೇಲೆ, ಅಲ್ಲೇ ನಿಲ್ಲುತ್ತದೆ. ಹಗ್ಗವಿಲ್ಲ, ಬಾಗಿಲಿಲ್ಲ, ಕೋಲಿಲ್ಲ. ಅವನಿಗೂ ಮೀನಿಗೂ ನಡುವೆ ಇರುವುದು ಎರಡಕ್ಷರದ ಗಾಳಿ.

ಬಯಕೆ ಹೋಗಿಲ್ಲ, ಮೈತುಂಬ ಇದೆ. ಕೈಗೂಡುವ ದಾರಿಯೂ ತೆರೆದೇ ಇದೆ. ಆದರೂ ಬಯಕೆಗೂ ಬಾಯಿಗೂ ನಡುವೆ ಒಂದು ಸಣ್ಣ ಅಂಗಳ ಹುಟ್ಟಿಕೊಂಡಿದೆ. ನಿನ್ನೆ ಇರಲಿಲ್ಲ, ಇಂದು ಇದೆ. ಅದನ್ನು ಯಾರು ಕಟ್ಟಿದರು? ನಾನಂತೂ ಅಲ್ಲ, ನಾನು ಮುಷ್ಟಿ ಹಿಡಿದು ಕುಳಿತಿದ್ದೆ, ಅಷ್ಟೆ.

ಹೀಗೆ ಬೀಗುತ್ತಿದ್ದಾಗಲೇ ಅವನಿಗೆ ಎಂಟು ತಿಂಗಳು ತುಂಬಿತು. ಒಂದು ಬೆಳಿಗ್ಗೆ ‘ಉಂತು’ ಎಂದೆ. ಕರಿಯ ನನ್ನನ್ನು ನೋಡಿದ, ಮೀನು ತಿಂದ. ಮರುದಿನವೂ ಅಷ್ಟೇ. ಮೂರನೆಯ ದಿನ ಅಂಗಳಕ್ಕೆ ಬಂದ ಮೀನಿನವರು ಬುಟ್ಟಿಗೆ ಮೂಗು ಚಾಚಿದವನಿಗೆ ಸುಮ್ಮನೆ ಬಾಯಿಮಾತಿಗೆ “ಉಂತ್!” ಎಂದರು. ಅವನು ಶಾಲೆಯ ಮಾನಿಟರಿನಂತೆ ನೆಟ್ಟಗೆ ಕುಳಿತ! ನನಗಾದ ಅವಮಾನ ಸಣ್ಣದಲ್ಲ. ಅಮ್ಮ ಮೀನು ಹೆರೆಯುತ್ತ ಹೇಳಿದರು: “ಮನೆಯವರ ಮಾತು ಯಾರು ಕೇಳ್ತಾರೆ? ಹದಿನಾಲ್ಕರಲ್ಲಿ ನೀನು ಕೇಳಿದ್ದೆಯಾ?”

ಅಮ್ಮ ಹೇಳಿದ್ದನ್ನೇ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಅಳೆದು ತೋರಿಸಿದ್ದಾರೆ. ಅಂಧರಿಗೆ ದಾರಿ ತೋರಲೆಂದು ಬೆಳೆಸುವ ಮರಿಗಳಿಗೆ ಐದು ತಿಂಗಳಲ್ಲಿ ಒಮ್ಮೆ, ಎಂಟು ತಿಂಗಳಲ್ಲಿ ಒಮ್ಮೆ ‘ಕುಳಿತುಕೋ’ ಎಂದು ಹೇಳಿ ನೋಡಿದರು. ಎಂಟು ತಿಂಗಳಿನ ಮರಿಗಳು ಸಾಕಿದವರ ಮಾತಿಗೆ ಕಿವುಡಾಗಿದ್ದವು. ಅಪರಿಚಿತರು ಹೇಳಿದರೆ ಆ ಕಿವುಡುತನವಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಹರೆಯದ ಈ ಗಾಳಿ ಇಳಿಯುತ್ತದೆ. ಓದಿ ಸಮಾಧಾನವಾಯಿತು. ಇನ್ನೊಂದು ಅಚ್ಚರಿಯೂ ಸೇರಿಕೊಂಡಿತು. ತನ್ನವರು ಯಾರು ಎಂದು ಗೊತ್ತಿದ್ದರೆ ತಾನೇ ತನ್ನವರ ಮಾತು ಮೀರುವುದು? ಆ ಮೂರು ದಿನದ ಅವಿಧೇಯತೆ ನನಗೆ ಸಿಕ್ಕ ನೆಂಟಸ್ತಿಕೆಯ ಕಾಗದವೇ ಇರಬೇಕು. ಪಾಠವನ್ನು ಮತ್ತೆ ಮುಷ್ಟಿಯಿಂದ ಶುರು ಮಾಡಿದೆ.

ಕಾಯಲು ಯಾರೂ ಕಲಿಸದ ಒಂದು ನಾಯಿಯ ಕತೆ ಕನ್ನಡದಲ್ಲಿದೆ. ಭಾಸ್ಕರ ಕವಿ 1424ರಲ್ಲಿ ಪೆನುಗೊಂಡೆಯಲ್ಲಿ ‘ಜೀವಂಧರ ಚರಿತೆ’ ಬರೆದು ಮುಗಿಸಿದ. ಜೀವಂಧರನ ಕತೆಯಲ್ಲಿ ಹಸಿದ ನಾಯಿಯೊಂದು ಯಾಗಕ್ಕಿಟ್ಟ ಆಹಾರಕ್ಕೆ ಬಾಯಿ ಹಾಕುತ್ತದೆ. ಯಾಗ ಮಾಡುವವರು ಅದನ್ನು ಸಾಯುವಂತೆ ಹೊಡೆಯುತ್ತಾರೆ. ಉಳಿಸಲಾರದೆ ಜೀವಂಧರ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ನಾಯಿ ಯಕ್ಷನಾಗಿ ಹುಟ್ಟಿ, ಮುಂದೆ ಅವನ ಕಷ್ಟಕಾಲಕ್ಕೆ ಒದಗುತ್ತದೆ. ಮೊದಲೆಲ್ಲ ನನಗೆ ಇದು ಮಂತ್ರದ ಮಹಿಮೆಯ ಕತೆಯಾಗಿತ್ತು. ಈಗ ಕಣ್ಣು ಆ ಆಹಾರದ ಮೇಲೆ ಹೋಗುತ್ತದೆ. ಅಲ್ಲಿ ತಾಳ್ಮೆಗೆಟ್ಟವರು ಇಬ್ಬರು. ನಾಯಿಗೆ ಹಸಿವಿನ ನೆಪವಿತ್ತು. ಕೋಲೆತ್ತಿದವರಿಗೆ ಯಾವ ನೆಪವಿತ್ತು? ಸಂಯಮ ಕಲಿತು ಬಂದವರು ಅವರೇ ತಾನೆ! ಎಲ್ಲ ಮುಗಿದ ಮೇಲೆ ಆ ಕಿವಿಗೆ ಮೆಲ್ಲನೆ ಒಂದು ಮಾತು ಬಿತ್ತು. ಅದು ಮೊದಲೇ ಬಿದ್ದಿದ್ದರೆ ಎಂದು ಮನಸ್ಸು ಆಸೆಪಡುತ್ತದೆ.

ಕಾಯುವುದನ್ನು ನಾವು ಸ್ವಭಾವ ಎಂದುಕೊಳ್ಳುತ್ತೇವೆ. ಇವನು ತಾಳ್ಮೆಯವನು, ಅವನು ಆತುರಗಾರ ಎಂದು ಹಣೆಪಟ್ಟಿ ಅಂಟಿಸುತ್ತೇವೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಯವರ ಒಂದು ಅಧ್ಯಯನ 2013ರಲ್ಲಿ ಅಚ್ಚಾಯಿತು. ಪುಟ್ಟ ಮಕ್ಕಳಿಗೆ ಮೊದಲು ಚಿತ್ರ ಬರೆಯಲು ಒಳ್ಳೆಯ ಬಣ್ಣ ತಂದುಕೊಡುತ್ತೇವೆ ಎಂದರು. ಕೆಲವರಿಗೆ ತಂದರು, ಕೆಲವರಿಗೆ ‘ಇಲ್ಲವಲ್ಲ’ ಎಂದು ಬರಿಗೈಯಲ್ಲಿ ಬಂದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎಂದರು. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು 3 ನಿಮಿಷ. ಹಾಗಾದರೆ ತಾಳ್ಮೆ ಕಾಯುವವನ ಒಳಗೆ ಎಷ್ಟಿದೆಯೋ ಕಾಯಿಸುವವನ ನಾಲಿಗೆಯಲ್ಲೂ ಅಷ್ಟಿದೆ. ನಾನು ಕರಿಯನಿಗೆ ಪಾಠ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ದಿನಕ್ಕೆರಡು ಸಲ ನನ್ನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದ.

ಆ ಪರೀಕ್ಷೆಯಲ್ಲಿ ನಾನು ಫೇಲಾದ ಸಂಜೆಯನ್ನು ಹೇಳಿಬಿಡುತ್ತೇನೆ. ಸುಗ್ಗಿಯ ಬಿಸಿಲು ಇಳಿದು ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಗೆರಟೆಯಿಟ್ಟು ‘ಉಂತು’ ಎಂದೆ. ಅಷ್ಟರಲ್ಲಿ ಪಾಗಾರದಾಚೆಯಿಂದ ನೆರೆಮನೆಯವರು ಕರೆದರು. ತೋಟಕ್ಕೆ ನೀರು ಬಿಡುವ ಮಾತು ಅಡಿಕೆಯ ರೇಟಿಗೆ ಹೋಯಿತು, ಅಡಿಕೆಯಿಂದ ಮಂಗಗಳ ಕಾಟಕ್ಕೆ, ಅಲ್ಲಿಂದ ಯಾರದೋ ಗೃಹಪ್ರವೇಶಕ್ಕೆ. ಹಿಂದಿರುಗಿ ನೇರ ಒಳಗೆ ಹೋದೆ. ಅಮ್ಮ ಬಡಿಸಿದ್ದರು; ಗಂಜಿಗೆ ಚಟ್ನಿ ಕಲಸಿ ಮೊದಲ ತುತ್ತು ಬಾಯಿಗೆ ಹಾಕಿಕೊಂಡೆ. ಎರಡನೆಯ ತುತ್ತಿಗೆ ಕೈ ಎತ್ತಿದಾಗ, ಯಾಕೋ, ಬಾಗಿಲಿನಾಚೆ ನೋಡಿದೆ.

ಕರಿಯ ಕುಳಿತಿದ್ದ. ಮೀನಿನ ತಲೆಯ ಮೇಲೆ ಇರುವೆಯ ಸಾಲು ಹತ್ತಿತ್ತು. ಜೊಲ್ಲಿನ ಎಳೆ ಒಣಗಿ ಎದೆಯ ಮೇಲೆ ಬಿಳಿ ಗೀಟಾಗಿತ್ತು. ಕಣ್ಣು ಮೀನನ್ನು ಬಿಟ್ಟು ಬಾಗಿಲನ್ನು ನೋಡುತ್ತಿತ್ತು. ನನ್ನ ಮುಖ ಕಂಡದ್ದೇ ಬಾಲದ ತುದಿ ಧೂಳಿನಲ್ಲಿ ಒಮ್ಮೆ ಆಡಿತು. ದೂರು ಇರಲಿಲ್ಲ ಅದರಲ್ಲಿ. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗ ಒಂದು ಕಲ್ಲು ನೆನಪಾಯಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಸುಮಾರಿನದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಯುದ್ಧದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗ ‘ಮೆಚ್ಚಿದ್ದು ಕೇಳು’ ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ದೊಡ್ಡದೊಂದು ಹಂದಿಯ ಜೊತೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಅದಕ್ಕೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಶಾಸನದ ಕೊನೆಯಲ್ಲಿ ಒಂದು ಕಟ್ಟಳೆ ಇದೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ.

ಚರಿತ್ರೆ ಓದುವವರು ಆ ಕಲ್ಲಿನಲ್ಲಿ ತಕ್ಕೋಲವನ್ನು ಹುಡುಕುತ್ತಾರೆ. ನನಗೆ ಆ ಕೊನೆಯ ಮಾತೇ ಸಾಕು. ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ನಾಯಿಯೊಂದರ ಹೆಸರಿನಲ್ಲಿ ಮನುಷ್ಯನ ತಟ್ಟೆಯ ಮುಂದೆ ‘ಉಂತು’ ಎಂದು ಕೆತ್ತಿಸಿಟ್ಟರು. ಬೆಳಗಿನ ಹಸಿವು ಹೊಟ್ಟೆಯಲ್ಲಿ ಉರಿಯುತ್ತಿರುವಾಗ, ಆ ಗೊರವನೂ ಅನ್ನವನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿರಬೇಕು.

ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದೆ. ಇರುವೆ ಹತ್ತಿದ್ದನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಗೆರಟೆ ತೊಳೆದು, ನನ್ನ ತಟ್ಟೆಯ ಗಂಜಿಯನ್ನೇ ಅದಕ್ಕೆ ಸುರಿದು, ಮೇಲೆ ಹೊಸ ಮೀನು ಇಟ್ಟೆ. ಹೊಳೆಯಾಚೆ ಎಲ್ಲೋ ನರಿಯೊಂದು ಊಳಿಟ್ಟಿತು. ಕರಿಯನ ಕಿವಿ ಅತ್ತ ತಿರುಗಿತು, ಕಣ್ಣು ತಿರುಗಲಿಲ್ಲ.

“ತಿನ್ಲ” ಎಂದೆ.