ಐದನೆಯ ಶೀಲ ಮತ್ತು ವೇಪ್



ಧಮ್ಮಬಂಧುಗಳೇ, ಮೊನ್ನೆ ವಿಹಾರದಲ್ಲಿ ಕಾಲೇಜು ಹುಡುಗನೊಬ್ಬ ಕೇಳಿದ: "ಅಣ್ಣಾ, ವೇಪ್ ಸೇದಿದರೆ ಅಮಲೇರಲ್ಲ. ಶೀಲ ಹೇಗೆ ಮುರಿಯುತ್ತೆ?"

ನ್ಯಾಯವಾದ ಪ್ರಶ್ನೆ. 2019ರಿಂದ ದೇಶದಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ ಎಂದರೆ ಉತ್ತರವಾಗದು. ಕಾನೂನಿಗೆ ಹೆದರಿ ಪಾಲಿಸುವುದು ಶೀಲವಲ್ಲ.

ಈ ಶೀಲದ ತಿರುಳು 'ಪಮಾದ', ಅಂದರೆ ಮೈಮರೆವು. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿರುವ ಸೂಕ್ಷ್ಮ ಕೂದಲೆಳೆಗಳು ಹಗಲಿರುಳು ಧೂಳನ್ನೂ ರೋಗಾಣುಗಳನ್ನೂ ಕಫದೊಡನೆ ಹೊರಕ್ಕೆ ಗುಡಿಸುತ್ತವೆ. ಅದನ್ನೂ ದಾಟಿ ಬಂದ ರೋಗಾಣುಗಳನ್ನು ರಕ್ಷಕ ಕಣಗಳು ನುಂಗುತ್ತವೆ. ನಿಕೋಟಿನ್ ಆ ಗುಡಿಸುವ ಕೆಲಸವನ್ನು ನಿಧಾನ ಮಾಡುತ್ತದೆ. ವೇಪ್‌ನ ಆವಿ ತಾಗಿದ ರಕ್ಷಕ ಕಣಗಳ ನುಂಗುವ ಶಕ್ತಿ ಕುಗ್ಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ತಲೆ ಚುರುಕಾಯಿತು ಅನ್ನಿಸುವಾಗಲೇ ಎದೆಯೊಳಗಿನ ಕಾವಲು ತೂಕಡಿಸುತ್ತಿರುತ್ತದೆ.

ಆ ಹುಡುಗನ ತಾಯಿ ಪೌರಕಾರ್ಮಿಕರು. ಬೀದಿಯ ಧೂಳು ಅವರ ಎದೆಗಿಳಿದದ್ದು ಅವರ ಆಯ್ಕೆಯಿಂದಲ್ಲ. ನಾನು ಅಷ್ಟೇ ನೆನಪಿಸಿದೆ. ಅವನು ಮಾತಾಡಲಿಲ್ಲ.